ಮಾರೇನಹಳ್ಳಿಯ ಮುನಿರಾಮಯ್ಯ ಮತ್ತು ಮೇಷ್ಟರ ಮಾರಿಸ್

ಫಿಸಿಕ್ಸ್ ಮೇಷ್ಟರಾದ ಪದ್ಮನಾಭರಾಯರು ರಾಜಾಜಿನಗರದ ಇಳಿಜಾರೊಂದರಲ್ಲಿ ತಮ್ಮ ಮಾರಿಸ್ ಮೈನರ್ ಕಾರು ನಿಲ್ಲಿಸಿ, ಎದುರಿಗೆ ಸಿಕ್ಕ ಕಾಲೇಜು ಹುಡುಗರಿಗೆ ಫೋರ್ ಸ್ಟ್ರೋಕ್ ಎಂಜಿನ್ನಿನ ಮರ್ಮ ವಿವರಿಸಲು ಕೆಳಗಿಳಿದರು. ಹ್ಯಾಂಡ್ ಬ್ರೇಕ್ ಎಳೆಯುವುದನ್ನು ಮರೆತಿದ್ದರು. ಅವರು ಎರಡನೇ ಸ್ಟ್ರೋಕಿಗೆ ಬರುವಷ್ಟರಲ್ಲಿ ಕಾರು ತನ್ನ ಪಾಡಿಗೆ ತಾನು ಹೊರಟಿತು.

"ಸಾರ್, ಗ್ರ್ಯಾವಿಟಿ!" ಎಂದ ಹಿಂದಿನ ಬೆಂಚಿನವನೊಬ್ಬ. ವರ್ಷವಿಡೀ ಅವನು ಕೊಟ್ಟ ಒಂದೇ ಸರಿಯುತ್ತರ ಅದು.

ಮೇಷ್ಟರು ಪಂಚೆ ಎತ್ತಿಕೊಂಡು ಓಡಿದರು. ಕಾರು ಮಾತ್ರ ಅವರಿಗಿಂತ ಗಂಭೀರವಾಗಿ ಇಳಿದು, ಮಲಗಿದ್ದ ಹಸುವೊಂದನ್ನು ಬಳಸಿಕೊಂಡು ಹೋಗಿ, ಬೋರಮ್ಮನ ಅವರೇಕಾಯಿ ರಾಶಿಯೊಳಗೆ ಮೂತಿ ತೂರಿಸಿ ನಿಂತಿತು.

"ಅವರೇಕಾಯಿ ಕೊಳ್ಳಾಕೆ ಬರೋ ರೀತಿನಾ ಸ್ವಾಮಿ ಇದು?" ಎಂದು ಬೋರಮ್ಮ ಸೊಂಟಕ್ಕೆ ಕೈಯಿಟ್ಟಳು. ಮೇಷ್ಟರು ಐದು ಸೇರು ಅವರೇಕಾಯಿ ಕೊಂಡು ಮಾನ ಉಳಿಸಿಕೊಳ್ಳಲು ನೋಡಿದರು. ಕಾರನ್ನು ಹಿಂದಕ್ಕೆ ತೆಗೆಯಲು ಸ್ಟಾರ್ಟ್ ಮಾಡಿದರೆ ಅದು ನಾಲ್ಕು ಸಲ ಕೆಮ್ಮಿ, ನೀಲಿ ಹೊಗೆ ಬಿಟ್ಟು ಸುಮ್ಮನಾಯಿತು. ಆಗ ಸೈಕಲ್ಲಿನಿಂದ ಇಳಿದ ಒಬ್ಬ ಕುಳ್ಳ ಮನುಷ್ಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ಹಾಗೆ ನೋಡಿದ.

"ಎಂಜಿನ್ ಒಳ್ಳೇದು ಮೇಷ್ಟ್ರೇ. ಸಾಕ್ತಿರೋರು ಸರಿಯಿಲ್ಲ."

ಹುಡುಗರ ಮುಂದೆ ಅಂದನಲ್ಲ ಎಂದು ಮೇಷ್ಟರಿಗೆ ಉರಿಯಿತು. ಆದರೂ ಮಾರನೆಯ ದಿನವೇ ಕಾರನ್ನು ತಳ್ಳಿಸಿಕೊಂಡು ಅವನ ಷೆಡ್ಡಿಗೆ ಹೋದರು. ಅವನೇ ಮುನಿರಾಮಯ್ಯ.

ಮಾರೇನಹಳ್ಳಿಯಲ್ಲಿ ಹುಣಸೇಮರದ ಕೆಳಗೆ ನಾಲ್ಕು ತಗಡಿನ ಆ ಷೆಡ್ಡಿತ್ತು. ಅದಿರುವ ಜಾಗದಲ್ಲಿ ಮುನಿರಾಮಯ್ಯನ ಅಪ್ಪ ರಾಗಿ ಕಣ ಮಾಡುತ್ತಿದ್ದನಂತೆ. ಹೊಲವೆಲ್ಲ ಸೈಟುಗಳಾಗಿ, ಸೈಟುಗಳ ಮೇಲೆ ಮನೆಗಳೆದ್ದು, ಆ ಮನೆಗಳಿಗೆ ಸ್ಕೂಟರು ಬಂದಾಗ ಮುನಿರಾಮಯ್ಯ ಅವಕ್ಕೆ ಪಂಚರ್ ಹಾಕಲು ಕೂತ. ಅವನಿಗೆ ವಿದ್ಯೆ ಕಲಿಸಿದ್ದು ಮಾತ್ರ ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಒಂದು ವರ್ಕ್‌ಶಾಪು. ಹನ್ನೆರಡು ವರ್ಷ ಅಲ್ಲಿ ದೊರೆಗಳು ಬಿಟ್ಟುಹೋದ ಆಸ್ಟಿನ್, ಮಾರಿಸ್, ಹಿಲ್‌ಮನ್‌ಗಳ ಹೊಟ್ಟೆ ಬಿಚ್ಚಿ ಹೊಲಿದಿದ್ದ. ಇಂಗ್ಲಿಷ್ ಓದಲು ಬಾರದು. ಆದರೆ ಇಂಗ್ಲಿಷ್ ಕಾರು ಏನು ಹೇಳುತ್ತದೆಂಬುದು ಮೇಷ್ಟರಿಗಿಂತ ಚೆನ್ನಾಗಿ ಗೊತ್ತಾಗುತ್ತಿತ್ತು.

ಹತ್ತು ತಿಂಗಳು ಕೆಲಸ ನಡೆಯಿತು. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಕೆಲವನ್ನು ಶಿವಾಜಿನಗರದ ಗುಜರಿಯಲ್ಲಿ ಕೆದಕಿ ತಂದ. ಕೆಲವನ್ನು ಇಂಡಸ್ಟ್ರಿಯಲ್ ಎಸ್ಟೇಟಿನ ಗೆಳೆಯನ ಲೇತ್ ಯಂತ್ರದ ಮೇಲೆ ತಾನೇ ಕಡೆದ. ವಾಲ್ವುಗಳನ್ನು ಕೂರಿಸಲು ಕೋಲಿನ ತುದಿಗೆ ಸಿಕ್ಕಿಸಿ, ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಮೂರು ದಿನ ತಿರುವಿದ. ಮೇಷ್ಟರು ದಿನಾ ಸಂಜೆ ಬಂದು ಸ್ಟೂಲಿನ ಮೇಲೆ ಕೂತು ಥಿಯರಿ ಹೇಳುತ್ತಿದ್ದರು. ಮುನಿರಾಮಯ್ಯ "ಹೂಂ" ಎನ್ನುತ್ತ ತನಗೆ ತೋಚಿದ್ದನ್ನೇ ಮಾಡುತ್ತಿದ್ದ. ಅವನ ಹೆಂಡತಿ ಲಿಂಗಮ್ಮ ಇಬ್ಬರಿಗೂ ಕಾಫಿ ತಂದಿಟ್ಟು, "ಇವ್ರಿಗೆ ಹೇಳೋ ಬದ್ಲು ಆ ಹುಣಸೇಮರಕ್ಕೆ ಹೇಳಿ ಮೇಷ್ಟ್ರೇ, ಎಲೇನಾದ್ರೂ ಅಲ್ಲಾಡ್ಸತ್ತೆ" ಎನ್ನುತ್ತಿದ್ದಳು.

ನಡುವೆ ಆಷಾಢದಲ್ಲಿ ಒಂದು ಅವಮಾನ ಆಗಿತ್ತು. ಬಸವೇಶ್ವರನಗರದ ಗೋಪೀನಾಥ ಎಂಬ ಸಿರಿವಂತರು ಹಳೇ ಕಾರುಗಳವರ ಸಂಘ ಕಟ್ಟಿ, ಕೆಂಗೇರಿಯಾಚೆ ಗುಡ್ಡವೊಂದರ ಮಣ್ಣುದಾರಿಯಲ್ಲಿ ರೇಸು ಇಡುತ್ತಿದ್ದರು. ಒಂದೊಂದೇ ಕಾರು ಹತ್ತಬೇಕು, ಎಂಟು ನಿಮಿಷದೊಳಗೆ ಮೇಲಿನ ಮಂಟಪ ಮುಟ್ಟಬೇಕು. ಓಡಿಸುವವರು ಯಾರಾದರೂ ಸರಿ, ಯಜಮಾನ ಪಕ್ಕದಲ್ಲಿರಬೇಕು. ಕೆಲಸ ಮುಗಿಯುವ ಮೊದಲೇ ಮೇಷ್ಟರು ಆಷಾಢದ ರೇಸಿಗೆ ಒಯ್ದ ಮಾರಿಸ್ ಅರ್ಧ ಗುಡ್ಡಕ್ಕೇ ಕೂತುಬಿಟ್ಟಿತು. ಗೋಪೀನಾಥ ಎಲ್ಲರೆದುರು ನಕ್ಕರು.

"ಮೇಷ್ಟ್ರೇ, ಮುಂದಿನ ಸಲಾನೂ ಹತ್ತದೇ ಇದ್ರೆ ದಯವಿಟ್ಟು ಇದನ್ನ ತರಬೇಡಿ. ಮರದ ಕೆಳಗಿನ ಪಂಚರ್ ಅಂಗಡಿಗೂ ರೇಸಿಗೂ ಎಲ್ಲಿಯ ಸಂಬಂಧ? ಏನಯ್ಯ, ನಾನ್ ಹೇಳಿದ್ದು ಸರೀನಾ?"

ಮುನಿರಾಮಯ್ಯ ತಲೆತಗ್ಗಿಸಿ ಟೈರು ನೋಡುತ್ತಿದ್ದ. ಆ ದಿನ ಮನೆಗೆ ಹೋಗಿ ಅವನು ಊಟ ಮಾಡಲಿಲ್ಲವೆಂದು ಲಿಂಗಮ್ಮ ಆಮೇಲೆ ಹೇಳಿದಳು. ಮುಂದಿನ ರೇಸಿನಲ್ಲಿ ಮಂಟಪ ಮುಟ್ಟದಿದ್ದರೆ ಕಾರಿಗಷ್ಟೇ ಅಲ್ಲ, ಅವನ ಕೈಕಸುಬಿಗೇ ಬಾಗಿಲು ಮುಚ್ಚಿದ ಹಾಗೆ ಎಂಬುದು ಮೇಷ್ಟರಿಗೆ ಅರ್ಥವಾಯಿತು.

ಮುಂದಿನ ರೇಸು ಆಯುಧ ಪೂಜೆಯ ಮಧ್ಯಾಹ್ನಕ್ಕೆ ಗೊತ್ತಾಯಿತು. ಸರ್ಕಾರಿ ರಜ, ರಸ್ತೆ ಖಾಲಿ ಎಂದು ಸಂಘದವರ ಲೆಕ್ಕ. ಮುನಿರಾಮಯ್ಯ ಬೆಳಿಗ್ಗೆಯೇ ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನೆಲ್ಲ ತೊಳೆದು, ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ. ಇನ್ನು ಮಾರನೆಯ ದಿನ ಮಂಗಳಾರತಿ ಆಗುವವರೆಗೆ ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ. ಕಾರನ್ನು ಹಿಂದಿನ ದಿನವೇ ಗಡಿಯಾರದಂತೆ ಮಾಡಿ ಮೇಷ್ಟರ ಮನೆಗೆ ಕಳಿಸಿದ್ದ.

ಮೇಷ್ಟರೂ ಪೂಜೆ ಮಾಡಿದರು. ಆದರೆ ಅವರು ಓದಿದವರು. ಚಕ್ರಕ್ಕೆ, ಬಾನೆಟ್ಟಿಗೆ ಕುಂಕುಮ ಇಡುವುದು ಎಲ್ಲರೂ ಮಾಡುವ ಕೆಲಸ. ಕಾರಿನ ಪ್ರಾಣವಿರುವುದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಎಂಬುದು ಅವರಿಗೆ ಪುಸ್ತಕದಿಂದ ತಿಳಿದಿತ್ತು. ಅದರ ಮುಚ್ಚಳ ಬಿಚ್ಚಿ, ಒಳಗೆ ಧಾರಾಳವಾಗಿ ಕುಂಕುಮವಿಟ್ಟು, ಭಕ್ತಿಯಿಂದ ಮತ್ತೆ ಮುಚ್ಚಿದರು.

ಮೇಷ್ಟರು ಮಾರೇನಹಳ್ಳಿಯಲ್ಲಿ ಮುನಿರಾಮಯ್ಯನನ್ನೂ ಲಿಂಗಮ್ಮನನ್ನೂ ಹತ್ತಿಸಿಕೊಂಡು ಹೊರಟಾಗ ಕಾರು ಚೆನ್ನಾಗಿಯೇ ಇತ್ತು. ನಾಯಂಡಹಳ್ಳಿ ದಾಟುವಾಗ ಒಂದು ಬಿಕ್ಕಳಿಕೆ ಬಂತು. ಕೆಂಗೇರಿಯಲ್ಲಿ ಮೂರು. ಗುಡ್ಡದ ಬುಡದಲ್ಲಿ, ಸಂಘದವರೆಲ್ಲ ನೋಡುತ್ತಿದ್ದಂತೆ, ಮಾರಿಸ್ ಒಮ್ಮೆ ನಡುಗಿ ನಿಂತೇಬಿಟ್ಟಿತು. ಸರದಿ ಬರಲು ಇನ್ನು ಎರಡೇ ಕಾರು ಉಳಿದಿದ್ದವು. ಎರಡನೆಯದು ಗೋಪೀನಾಥರದೇ.

ಮುನಿರಾಮಯ್ಯ ಬಾನೆಟ್ಟೆತ್ತಿ, ಡಿಸ್ಟ್ರಿಬ್ಯೂಟರಿನ ಕ್ಲಿಪ್ಪುಗಳನ್ನು ಬೆರಳಲ್ಲೇ ಎಬ್ಬಿಸಿ ಮುಚ್ಚಳ ತೆಗೆದ. ಒಳಗೆಲ್ಲ ಕೆಂಪು.

"ಇಲ್ಲಿಗೆ ಕುಂಕುಮ ಇಟ್ಟೋರು ಯಾರು ಮೇಷ್ಟ್ರೇ?"

ಮೇಷ್ಟರು ಗುಡ್ಡದ ಕಡೆ ನೋಡಿದರು. "ಅದು... ಕಾರಿನ ಹೃದಯ ಅಂತ..."

"ಹೃದಯಕ್ಕೆ ಇಟ್ರಿ. ನಿಂತೋಯ್ತು."

ಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕದ ಕಾರಿನವರು ಪಾಪ, ಸ್ಪ್ಯಾನರುಗಳ ಡಬ್ಬಿಯನ್ನೇ ತಂದು ಮುಂದಿಟ್ಟರು. ಮುನಿರಾಮಯ್ಯ ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡಿ ಸಾರ್. ಇವತ್ತು ಆಯುಧ ಮುಟ್ಟಲ್ಲ."

"ಅವು ನಿಮ್ಮವಲ್ಲವಲ್ಲ ಮುನಿರಾಮಯ್ಯ!" ಎಂದರು ಮೇಷ್ಟರು, ಅಳುವ ದನಿಯಲ್ಲಿ.

"ಬೇರೇರ ದೇವ್ರಾದ್ರೆ ಒದೀಬೋದಾ ಮೇಷ್ಟ್ರೇ?"

ಅವನು ಹೆಂಡತಿಯ ಕಡೆ ಕೈ ಚಾಚಿದ. ಏನು ಬೇಕೆಂದು ಕೇಳದೆಯೇ ಅವಳು ಕೈವಸ್ತ್ರ ಕೊಟ್ಟಳು. ಅದರ ತುದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಕುಂಕುಮವನ್ನೆಲ್ಲ ಒರೆಸಿದ. ಬೆಂಕಿಪೊಟ್ಟಣದ ಗೀರುವ ಪಟ್ಟಿಯನ್ನು ಹರಿದು, ಒಳಗೆ ಕೂಡಿ ಬಿಡುತ್ತ ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಎಳೆದಾಡಿಸಿ ಉಜ್ಜಿದ. ಅಂತರ ಸರಿಮಾಡಲು ಸಣ್ಣ ಸ್ಕ್ರೂ ಒಂದನ್ನು ತಿರುಗಿಸಬೇಕಿತ್ತು. ಜೇಬಿನಿಂದ ನಾಲ್ಕಾಣೆ ತೆಗೆದು ಕಣ್ಣಿಗೊತ್ತಿಕೊಂಡ. "ಇದು ಲಕ್ಷ್ಮಿ. ಆಯುಧ ಅಲ್ಲ" ಎಂದು ತನಗೇ ಹೇಳಿಕೊಂಡು ಅದರಲ್ಲಿ ತಿರುವಿದ. ಅಂತರ ಅಳೆಯಲು ಮೇಷ್ಟರ ಜೇಬಿನ ಬಸ್ ಟಿಕೆಟ್ಟನ್ನು ಮಡಿಸಿ ತೂರಿಸಿ, ಎಳೆದು ನೋಡಿ, ತಲೆಯಾಡಿಸಿದ. ಕಾರಿದ್ದವರ ಜೇಬಿನಲ್ಲಿ ಬಸ್ ಟಿಕೆಟ್ ಏಕಿತ್ತೆಂದು ಯಾರೂ ಕೇಳಲಿಲ್ಲ. ಆ ಕಾರನ್ನು ಬಲ್ಲವರಿಗೆ ಕೇಳುವಂಥದ್ದೇನೂ ಇರಲಿಲ್ಲ.

ಕೆಂಪು ಬಣ್ಣದ ಎರಡು ಬಾಗಿಲಿನ ಕಾರಿನಲ್ಲಿ ಗೋಪೀನಾಥ ಧೂಳೆಬ್ಬಿಸಿ ಹೊರಟರು. ಮೂರನೇ ತಿರುವಿನಲ್ಲಿ ಬಿಳಿ ಆವಿ ಮೇಲೆದ್ದಿತು. ಕಾರು ಅಲ್ಲೇ ಪಕ್ಕಕ್ಕೆ ನಿಂತಿತು.

"ಮಾರಿಸ್!" ಎಂದು ಸಂಘದವರು ಕೂಗಿದರು.

ಲಿಂಗಮ್ಮನನ್ನು ಕೆಳಗೇ ಬಿಟ್ಟು, ಮೇಷ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುನಿರಾಮಯ್ಯ ಸ್ಟಾರ್ಟರ್ ಎಳೆದ. ಮಾರಿಸ್ ಒಂದೇ ಉಸಿರಿಗೆ ಎದ್ದಿತು. ಅಷ್ಟು ನಯವಾದ ಸದ್ದನ್ನು ಮೇಷ್ಟರು ತಮ್ಮ ಕಾರಿನಿಂದ ಕೇಳಿರಲೇ ಇಲ್ಲ. ಮುಂದಿನ ನಿಮಿಷಗಳಲ್ಲಿ ಅವರಿಗೆ ವಹಿಸಿದ್ದ ಕೆಲಸ ಒಂದೇ.

"ಎಡಕ್ಕೆ ವಾಲಿ ಮೇಷ್ಟ್ರೇ! ಈಗ ಬಲಕ್ಕೆ! ಇನ್ನೂ! ನಿಮ್ ತೂಕ ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ!"

ಮೇಷ್ಟರು ಮೂವತ್ತು ವರ್ಷ ಪಾಠ ಹೇಳಿದವರು. ಅವರು ಈಗ ಮುನಿರಾಮಯ್ಯನ ಮಾತು ಕೇಳಿದಷ್ಟು ಶ್ರದ್ಧೆಯಿಂದ ಯಾವ ವಿದ್ಯಾರ್ಥಿಯೂ ಅವರ ಮಾತು ಕೇಳಿರಲಿಲ್ಲ. ಆಷಾಢದಲ್ಲಿ ಕೂತ ಜಾಗ ಬಂತು, ಹಿಂದಾಯಿತು. ಕಡೆಯ ಏರಿನಲ್ಲಿ ಅವನು ಗೇರು ಇಳಿಸಿದಾಗ ಅದರ ಹಲ್ಲು ಕಚ್ಚಿದ ಸದ್ದೂ ಬರಲಿಲ್ಲ. ಮಂಟಪದ ಬಳಿ ಗಡಿಯಾರ ಹಿಡಿದವನು "ಐದು ನಿಮಿಷ ಐವತ್ತು!" ಎಂದು ಕೂಗಿದ. ಆ ದಿನ ಅದಕ್ಕಿಂತ ಬೇಗ ಹತ್ತಿದ್ದು ಒಂದೇ ಒಂದು ಕಾರು.

ಗುಡ್ಡ ಇಳಿದು ಬಂದಾಗ ಜನ ಸುತ್ತುವರಿದರು. ಮೇಷ್ಟರಿಗೆ ಹಾರ ಹಾಕಲು ಬಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಪದ್ಮನಾಭರಾಯರು ಥಿಯರಿ ಹೇಳಲಿಲ್ಲ. ಹಾರವನ್ನು ಕಿತ್ತುಕೊಂಡು ಮುನಿರಾಮಯ್ಯನ ಕೊರಳಿಗೆ ಹಾಕಿ, "ಇವರು ನಮ್ಮ ಮುನಿರಾಮಯ್ಯ. ಮಾರೇನಹಳ್ಳಿ ಹುಣಸೇಮರದ ಕೆಳಗೆ ಇವರ ವರ್ಕ್‌ಶಾಪು" ಎಂದರು.

ಅಷ್ಟರಲ್ಲಿ ಕೆಂಪು ಕಾರನ್ನು ಜನ ತಳ್ಳಿಕೊಂಡು ಬಂದರು. ಹಿಂದೆಯೇ ಗೋಪೀನಾಥ, ಕೋಟಿನ ತುಂಬ ಧೂಳು. ಒಂದು ಗಳಿಗೆ ಟೈರು ನೋಡುತ್ತ ನಿಂತರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ಮುನಿರಾಮಯ್ಯನೋರೇ, ನನ್ ಗಾಡೀನೂ ಸ್ವಲ್ಪ ನೋಡ್ತೀರಾ?"

ಮುನಿರಾಮಯ್ಯ ಮಸಿ ಮೆತ್ತಿದ ಕೈಗಳನ್ನು ಕೈವಸ್ತ್ರಕ್ಕೆ ಒರೆಸಿಕೊಂಡ.

"ನಾಳೆ ಮಂಗಳಾರತಿ ಆದ್ಮೇಲೆ ತನ್ನಿ ಸಾರ್. ಹಬ್ಬದ ದಿನ ನಾನು ಕೆಲ್ಸ ಮಾಡಲ್ಲ."