ಚಿಗರಿಗೆ ಕಟ್ಟಿದ ಸೀರೆಬೇಲಿ

ಈಗಲೂ ಹಸಿಕಡಲೆ ಸುಡುವ ವಾಸನೆ ಬಂದರೆ ಸಾಕು, ಪುಣೆ ಕಡೆಯ ಶಿರೂರಿನ ಹತ್ತಿರ ನಮಗಿದ್ದ ಹೊಲ ಕಣ್ಮುಂದೆ ಬಂದು ಜೀವ ಹಂಬಲಿಸುತ್ತದೆ. ತೊಂಬತ್ತರ ದಶಕದಲ್ಲಿ ಅಪ್ಪ ಕೊಂಡಿದ್ದು. ಪುಣೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅವರಿಗೆ ಒಕ್ಕಲುತನ ಗೊತ್ತಿರಲಿಲ್ಲ; ಹುಮ್ಮಸ್ಸು ಮಾತ್ರ ಬೆಟ್ಟದಷ್ಟು. ಮೊದಲ ಬೆಳೆ ಕಡಲೆ. ಅದು ಗೇಣುದ್ದ ಬೆಳೆಯುವಷ್ಟರಲ್ಲಿ ಚಿಗರಿಗಳು, ಅಂದರೆ ಜಿಂಕೆಗಳು, ಹಿಂಡುಗಟ್ಟಿ ಬರತೊಡಗಿದವು.

"ಕಾಟೇರಿ ತಾರ ಲಾವಾ, ಶೇಠ್," ಎಂದು ಮರಾಠಿಯಲ್ಲಿ ಉಪಾಯ ಹೇಳಿದ ಪಕ್ಕದ ಹೊಲದವನು. ಅಪ್ಪ ಮುಳ್ಳುತಂತಿ ತರಲು ಹೊರಟೇಬಿಟ್ಟರು.

ಅವ್ವ ರೈತರ ಮನೆಯ ಮಗಳು. ತಡೆದಳು.

"ಮರಿ ಸಿಕ್ಕೊಂಡು ಸತ್ತರ ಆ ಕಡ್ಲಿ ನನ್ನ ಗಂಟಲದಾಗ ಇಳಿಯೂದಿಲ್ಲರೀ. ಕುಡಿ ಚೂಟಿದರನ ಕಡ್ಲಿ ಟಿಸಿಲು ಒಡಿಯೂದು. ಈಗ ಅವು ಚೂಟಲಿ. ಹೂ ಬಿಟ್ಟಮ್ಯಾಲ ನನ್ನ ಹಳೇ ಸೀರಿ ಸುತ್ತ ಕಟ್ಟೂಣು. ಗಾಳಿಗೆ ಪಟಪಟ ಅಂದರ ಅಂಜತಾವ."

ಹೂ ಬಿಟ್ಟಿತು. ಅಪ್ಪ ಅವಸರದಲ್ಲಿ ಟ್ರಂಕಿನ ಮೇಲಿದ್ದ ಹಳೇ ಸೀರೆಗಳ ಗಂಟಿನ ಜೊತೆಗೆ ಟ್ರಂಕಿನೊಳಗಿದ್ದ ಗಂಟನ್ನೂ ಒಯ್ದು, ಬಿಚ್ಚಿಯೂ ನೋಡದೆ ಹೊಲ ಕಾಯುವವನ ಕೈಗೆ ಕೊಟ್ಟು ಬಂದರು. ನಮ್ಮಲ್ಲಿ ಒಳ್ಳೆಯ ಸೀರೆಯನ್ನು ಹಳೇ ಮೆತ್ತನೆಯ ಸೀರೆಯಲ್ಲೇ ಸುತ್ತಿಡುವುದು. ಒಳಗಿನ ಆ ಗಂಟಿನಲ್ಲಿದ್ದದ್ದು ಅವ್ವನ ತಾಯಿ, ತೀರಿಹೋದ ಅಜ್ಜಿಯ ಇಳಕಲ್ ಸೀರೆ. ಅಜ್ಜಿ ಹೋದಮೇಲೆ ಅವ್ವನಿಗೆ ತವರಿನಿಂದ ಸೆರಗಿಗೆ ಅಕ್ಕಿ-ಕಾಯಿ ಹಾಕಿ ಉಡಿ ತುಂಬುವವರೇ ಇರಲಿಲ್ಲ. ಉಳಿದದ್ದು ಅದೊಂದು ಸೀರೆ.

ಮುಂದಿನ ಭಾನುವಾರ ಹೊಲಕ್ಕೆ ಹೋದರೆ ಗೂಟಗಳ ನಡುವೆ ಅದೇ ಹಾರಾಡುತ್ತಿತ್ತು, ಅಂಚು ಹರಿದು. ಊರಿಗೆಲ್ಲ ಸೀರೆ ಆರಿಸಿಕೊಡುವ ಮನುಷ್ಯ! ದೀಪದ ಕೆಳಗೇ ಕತ್ತಲೆ.

"ಅಯ್ಯೋ, ನಮ್ಮವ್ವನ ಸೀರಿ!" ಅವ್ವ ಬದುವಿನ ಮೇಲೆ ಕೂತು ಅತ್ತೇಬಿಟ್ಟಳು. ಅಪ್ಪ ಬಿಚ್ಚಲು ಓಡಿದರು. ಅಷ್ಟರಲ್ಲಿ ಆಚೆಯಿಂದ ತಾಯಿಚಿಗರಿಯೊಂದು ಮರಿಯೊಂದಿಗೆ ಬಂತು. ಸೆರಗು ಪಟಪಟ ಅಂದಿತು. ಎರಡೂ ಕಿವಿ ನಿಮಿರಿಸಿ ನೋಡಿ, ಮೈಗೆ ಗೀರೂ ತಾಗದೆ ಹಿಂತಿರುಗಿದವು.

ಅವ್ವ ಮೂಗು ಒರೆಸಿಕೊಂಡಳು. "ಇರಲಿ ಬಿಡ್ರಿ. ಹರಿದದ್ದಂತೂ ಹರದದ. ನಮ್ಮವ್ವನೇ ಹೊಲಾ ಕಾಯಲಿ."

ಹಾಗೆಂದಳೇ ಹೊರತು ಸುಗ್ಗಿಯ ತನಕ ಅಪ್ಪನಿಗೆ ನೆಟ್ಟಗೆ ಮುಖ ಕೊಟ್ಟು ಮಾತಾಡಲಿಲ್ಲ. ನನಗೂ ಅಪ್ಪನ ಮೇಲೆ ಕೆಂಡದಂಥ ಸಿಟ್ಟಿತ್ತು.

ಕಡಲೆ ಕೀಳುವ ದಿನ ಅಪ್ಪ ಯಾರಿಗೂ ಹೇಳದೆ ಸೀರೆ ಬಿಚ್ಚಿ ತಂದರು. ಬಿಸಿಲಿಗೆ ಬಣ್ಣ ಹೋಗಿತ್ತು. ಮೊದಲ ಬೊಗಸೆ ಕಡಲೆಯನ್ನು ಅದರ ಸೆರಗಿನಲ್ಲಿ ಕಟ್ಟಿ ಅವ್ವನ ಮುಂದೆ ನಿಂತರು. ಉಡಿ ತುಂಬುವುದು ಹೆಂಗಸರ ಕೆಲಸ. ಆದರೂ ಗಂಟನ್ನು ಮುಂದೆ ಚಾಚಿದರು.

"ತವರಿಂದ ಬಂದದ, ತಗೋ," ಎಂದರು.

ಅವ್ವ ಉಡಿ ಒಡ್ಡಿದಳು.