ಸಿಗ್ನಲ್ ಕ್ಯಾಮೆರಾ ಒರೆಸುವ ಹಂಪಣ್ಣ

ಬೆಳಕು ಹರಿಯುವ ಹೊತ್ತು. ಹಲಸೂರು ಕೆರೆ ದಾಟಿದ ಮೇಲೆ ಸಿಗುವ ಸಿಗ್ನಲ್‌ನಲ್ಲಿ ಹಳದಿ ದೀಪವಷ್ಟೇ ಮಿಣುಕುತ್ತಿದೆ. ಕಂಬಕ್ಕೆ ಏಣಿ ಆನಿಸಿ ಹಂಪಣ್ಣ ಮೇಲೇರುತ್ತಾರೆ. ಸೊಂಟಕ್ಕೆ ಬೆಲ್ಟು, ಹೆಗಲಿಗೆ ನೀರಿನ ಬಾಟಲಿ, ಜೇಬಿನಲ್ಲಿ ಒಂದು ಬಟ್ಟೆ. ಕೆಳಗೆ ಏಣಿ ಹಿಡಿದು ನಿಂತವರು ಗೂಡ್ಸ್ ಆಟೋ ಓಡಿಸುವ ಬಷೀರ್. ಹೆಲ್ಮೆಟ್ ಇಲ್ಲದವರನ್ನು, ಕೆಂಪು ದೀಪಕ್ಕೆ ನಿಲ್ಲದವರನ್ನು ಹಿಡಿಯುವ ಕ್ಯಾಮೆರಾಗಳ ಗಾಜು ಒರೆಸುವುದು ಇವರ ಕೆಲಸ. ದಂಡದ ನೋಟಿಸು ಬಂದಾಗಲೆಲ್ಲ ಆ ಕ್ಯಾಮೆರಾಕ್ಕೆ ಶಾಪ ಹಾಕುವ ನನಗೆ, ಅದಕ್ಕೂ ಧೂಳು ಹಿಡಿಯುತ್ತದೆ, ಅದನ್ನೂ ಯಾರೋ ಒರೆಸಬೇಕು ಎಂಬುದು ಹೊಳೆದೇ ಇರಲಿಲ್ಲ.

“ಜೇಡಂದೇ ದೊಡ್ಡ ಕಾಟ ನೋಡ್ರೀ,” ಎನ್ನುತ್ತಾರೆ ಹಂಪಣ್ಣ. “ರಾತ್ರಿ ಲೈಟಿಗೆ ಹುಳ ಬರ್ತಾವ, ಹುಳ ತಿನ್ನಾಕ ಜೇಡ ಬರ್ತದ. ಗಾಜಿನ ಮ್ಯಾಲೇ ಮನಿ ಮಾಡ್ತದ.”

ಅಷ್ಟರಲ್ಲಿ ಡೆಲಿವರಿ ಬೈಕೊಂದು ನಿಲ್ಲುತ್ತದೆ. ದಿನಾ ಸಿಗುವ ನಿತೀಶ್ ಕತ್ತೆತ್ತಿ ಕೂಗುತ್ತಾನೆ. “ಅಣ್ಣಾ, ಇದೊಂದನ್ನ ಹಂಗೇ ಬಿಟ್ಬಿಡಣ್ಣ! ಲೇಟಾದ್ರೆ ಆಪ್ ಬೈಯುತ್ತೆ, ಫಾಸ್ಟಾಗಿ ಹೋದ್ರೆ ಇದು ಬೈಯುತ್ತೆ. ನಾವೇನ್ ಹಾರ್ಕೊಂಡ್ ಹೋಗ್ಬೇಕಾ?” “ನಿಧಾನ ಹೋಗಪ್ಪ,” ಎಂದಷ್ಟೇ ಹೇಳಿ ಹಂಪಣ್ಣ ಒರೆಸುತ್ತಾರೆ. ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ? ಓಡುವವನ ಫೋಟೋ ಬೀಳುತ್ತದೆ, ಆಪ್ ಹಿಂದೆ ಕೂತು ಅವನನ್ನು ಓಡಿಸುವವರ ಫೋಟೋ ಯಾವ ಕಂಬದಿಂದಲೂ ಬೀಳುವುದಿಲ್ಲ.

ಹಂಪಣ್ಣ ಯಾದಗಿರಿ ಕಡೆಯವರು. ಮದುವೆಯಾದ ಹೊಸತರಲ್ಲಿ ಹೆಂಡತಿ ಅಮೃತಮ್ಮನ ಜೊತೆ ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ ಹಿಡಿದರು. ಕಟ್ಟಡಗಳಿಗೆ ಬಣ್ಣ ಹೊಡೆದು ಎತ್ತರದ ಅಂಜಿಕೆ ಕಳೆದುಕೊಂಡವರು, ಆಮೇಲೆ ಗುತ್ತಿಗೆದಾರರೊಬ್ಬರ ಬಳಿ ಈ ಕೆಲಸಕ್ಕೆ ಸೇರಿದರು. ದಿನಕ್ಕೆ ನಲವತ್ತು ಕ್ಯಾಮೆರಾ, ಅಷ್ಟಕ್ಕೂ ಒಂದೇ ಬಟ್ಟೆ. ಒರೆಸಿದ್ದಕ್ಕೆಲ್ಲ ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು. ಫೋಟೋ ಇಲ್ಲದಿದ್ದರೆ ಆ ಕಂಬ ಹತ್ತಿದ್ದೇ ಸುಳ್ಳು.

ಹೋದ ದೀಪಾವಳಿಯಾದ ಮರುವಾರ ಇದೇ ರಸ್ತೆಯಲ್ಲಿ ಅಮೃತಮ್ಮ ತೀರಿಕೊಂಡರು. ಇಂದಿರಾನಗರದ ಪಿ.ಜಿ.ಯೊಂದರಲ್ಲಿ ಅಡುಗೆ ಮುಗಿಸಿ, ಕತ್ತಲಾದ ಮೇಲೆ ಬಸ್ಸಿಗೆಂದು ರಸ್ತೆ ದಾಟುತ್ತಿದ್ದರು. ಗುದ್ದಿದ ಕಾರು ನಿಲ್ಲಲಿಲ್ಲ.

ಮೂರನೇ ದಿನ ಠಾಣೆಯಲ್ಲಿ ಹಂಪಣ್ಣನನ್ನು ಪರದೆಯ ಮುಂದೆ ಕೂರಿಸಿ ಇದೇ ಕಂಬದ ಕ್ಯಾಮೆರಾದ ದೃಶ್ಯ ತೋರಿಸಿದರು. “ಅಕಿ ಸೆರಗು ಕಂಡ್ತು. ಚೀಲ ಕಂಡ್ತು. ಆಮ್ಯಾಲೆ ಕಾರಿನ ಲೈಟ್ ಬಿತ್ರೀ, ಗಾಜೆಲ್ಲ ಬೆಳ್ಳಗಾತು. ನಂಬರ್ ಇರೋ ಜಾಗದಾಗ ಬರೀ ಬೆಳಕು.” ಆ ಬೆಳಕಿನಲ್ಲಿ ಬಟ್ಟೆ ಎಳೆದಂಥ ಅಡ್ಡಡ್ಡ ಗೆರೆಗಳಿದ್ದವಂತೆ. ಅಪಘಾತವಾದ ದಿನ ಬೆಳಿಗ್ಗೆ ಆ ಗಾಜು ಒರೆಸಿದ್ದು ಹಂಪಣ್ಣನೇ. ಮೇಲ್ಸೇತುವೆ ಬಳಿಯ ಕ್ಯಾಮೆರಾದ ಡೀಸೆಲ್ ಮಸಿ ಒರೆಸಿದ ಬಟ್ಟೆಯನ್ನೇ ಇಲ್ಲಿಗೂ ಬಳಸಿದ್ದರು. ಹಗಲಲ್ಲಿ ಆ ಜಿಡ್ಡು ಕಾಣಲಿಲ್ಲ, ಕಳಿಸಿದ ಫೋಟೋಕ್ಕೂ ಯಾರೂ ಬೇಡ ಅನ್ನಲಿಲ್ಲ.

“ನನ್ನ ಕೈ ಹೆಂಗ ಓಡ್ತದ ಅಂತ ನಂಗ ಗೊತ್ತಿಲ್ಲೇನ್ರೀ?” ಎಂದು ಕೇಳುತ್ತಾರೆ.

ಇಬ್ಬನಿಯೂ ಇರಬಹುದು, ಖಚಿತವಾಗಿ ಹೇಳಲಾಗದು ಎನ್ನುತ್ತಾರೆ ಮೇಲ್ವಿಚಾರಕರು. ಅದನ್ನೇ ನಂಬಬೇಕೆಂದು ನನಗೆ ಆಸೆ. ನಲವತ್ತು ಕಣ್ಣಿಗೆ ಒಂದೇ ಬಟ್ಟೆ ಕೊಟ್ಟವರನ್ನು ಬಿಟ್ಟು ಈ ಮನುಷ್ಯ ತನ್ನನ್ನೇ ಹಿಡಿದು ಶಿಕ್ಷಿಸಿಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಅವತ್ತು ಠಾಣೆಯ ಹೊರಗೆ ಮಗಳು ರೇವತಿ ಕಾಯುತ್ತಿದ್ದಳು. “ಏನ್ ಕಾಣ್ತಪ್ಪಾ?” ಎಂದು ಕೇಳಿದಳು. “ತೋರಿಸ್ಲಿಲ್ಲವ್ವಾ,” ಎಂದುಬಿಟ್ಟರು ಹಂಪಣ್ಣ. ಹೊಸ ತಿಪ್ಪಸಂದ್ರದ ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವ ರೇವತಿ ಅಂದಿನಿಂದ ವಾರ ವಾರ ರಜೆ ಕೇಳಿ ಠಾಣೆಗೆ ಹೋಗುತ್ತಾಳೆ. ನಂಬರ್ ಕಾಣುತ್ತಿಲ್ಲ, ನಿಮ್ಮಪ್ಪನೂ ನೋಡಿದ್ದಾರೆ ಎಂದು ಪೊಲೀಸರು ಹೇಳಿದರೆ ಅವಳು ನಂಬುವುದಿಲ್ಲ. ಅಪ್ಪ ಸುಳ್ಳು ಹೇಳುವವರಲ್ಲ ಎಂಬುದು ಅವಳಿಗೆ ಗೊತ್ತು. “ಹೆಲ್ಮೆಟ್ ಇಲ್ದೋರ ಮೂಗು ಮುಖ ಎಲ್ಲಾ ಕಾಣುತ್ತೆ, ನಮ್ಮಮ್ಮನ್ನ ಹೊಡ್ದೋರ ಕಾರು ಮಾತ್ರ ಕಾಣಲ್ವಾ?” ಎಂದು ಅಲ್ಲಿ ಜಗಳಕ್ಕೆ ನಿಲ್ಲುತ್ತಾಳೆ. ಇನ್ನೊಂದು ರಜೆ ಹಾಕಿದರೆ ಕೆಲಸಕ್ಕೇ ಬರಬೇಡ ಎಂದಿದ್ದಾರಂತೆ ಅಂಗಡಿಯವರು.

ಕಂಬದ ಬುಡದಲ್ಲಿ ಕೂತು ಇಷ್ಟನ್ನೂ ಕೇಳಿದ ಮೇಲೆ ನಾನು ಪೆನ್ನು ಮುಚ್ಚುತ್ತೇನೆ. ಇದನ್ನು ಬರೆಯುವುದಿಲ್ಲ, ಬರೆದರೆ ನಿಮ್ಮ ಕೆಲಸ ಹೋದೀತು ಎನ್ನುತ್ತೇನೆ. ಬಷೀರ್ ಕೂಡ “ಛೋಡೋ ಭಾಯ್, ಯಾಕ್ ಬೇಕು,” ಎನ್ನುತ್ತಾರೆ. ಹಂಪಣ್ಣ ತಲೆ ಅಲ್ಲಾಡಿಸುತ್ತಾರೆ.

“ಬರೀರಿ. ಬಾಯಿ ಬಿಟ್ಟು ಹೇಳಬೇಕಂತ ಎಷ್ಟ್ ಸಲ ಮಗಳ ಮುಂದ ಕುಂತೀನಿ, ಆಗವಲ್ದು. ಐತವಾರ ಅಂಗಡಿಗೆ ನಿಮ್ಮ ಪೇಪರ್ ಬರ್ತದ, ಅಕಿ ಓದ್ತಾಳ. ಪೊಲೀಸ್ನೋರು ಏನೂ ಮುಚ್ಚಿಟ್ಟಿಲ್ಲ, ಇನ್ನ ಹೋಗಬ್ಯಾಡವ್ವಾ ಅಂತ ಬರೀರಿ. ನಿಮ್ಮಪ್ಪ ನೋಡ್ಯಾನ, ಅವನ ಕೈಯಾಗಿನ ಬಟ್ಟಿದೇ ಆ ಕಲೆ ಅಂತನೂ ಬರೀರಿ.”

ಏಣಿ ಮಡಚಿ ಆಟೋಕ್ಕೆ ಏರಿಸಿದ ಮೇಲೆ ಮತ್ತೆ ನನ್ನ ಬಳಿ ಬರುತ್ತಾರೆ.

“ಪೇಪರ್ ಬರೋ ಐತವಾರ ನಾ ಎಲ್ಲೂ ಹೋಗಂಗಿಲ್ರೀ. ಅಕಿ ಬರೂತನಾ ಮನ್ಯಾಗೇ ಕುಂತಿರ್ತೀನಿ.”