ಆಷಾಢದಲ್ಲಿ ಕಟ್ಟಿದ ಗೊಂಬೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನನ್ನನ್ನು ಕೇಳಿದ್ದರೆ ಬಾಡಿಗೆ ಮನೆ ಖಾಲಿ ಮಾಡಿ ನೋಡು ಎಂದೂ ಸೇರಿಸುತ್ತಿದ್ದೆ. ಮದುವೆಯಾದಾಗಿನಿಂದ ಬಸವನಗುಡಿಯ ಸುತ್ತಮುತ್ತಲೇ ಮನೆಯಿಂದ ಮನೆಗೆ ಸುತ್ತಿದ್ದೇವೆ. ಒಂದು ಲೋಟ ಒಡೆದಿಲ್ಲ, ಒಂದು ಚಮಚ ಕಳೆದಿಲ್ಲ. ಜಂಬ ಎಂದುಕೊಂಡರೆ ಜಂಬವೇ ಸರಿ. ನನ್ನ ಪದ್ಧತಿ ಒಂದೇ: ಯಾವುದರ ಕಾಲ ಈಗಲ್ಲವೋ ಅದು ಮೊದಲು ಡಬ್ಬ ಸೇರಬೇಕು. ಕುಕ್ಕರು, ಕಾಫಿ ಫಿಲ್ಟರು, ದೇವರ ದೀಪ ಇವೆಲ್ಲ ಕೊನೆಗೆ. ನಮ್ಮ ಯಜಮಾನರದು ಮಾತ್ರ ಯುದ್ಧಕಾಲೇ ಶಸ್ತ್ರಾಭ್ಯಾಸ. ಲಾರಿ ಬಾಗಿಲಿಗೆ ಬಂದು ನಿಂತಾಗ ಹಗ್ಗ ಎಲ್ಲಿದೆ ಎಂದು ಕೇಳುವ ಜಾತಿ.

ಎನ್.ಆರ್. ಕಾಲೋನಿಯಲ್ಲಿ ನಾವಿದ್ದ ಮನೆಯನ್ನು ಮಾಲೀಕರು ಕೆಡವಿ ಅಪಾರ್ಟ್‌ಮೆಂಟ್ ಮಾಡಿಸುತ್ತೇವೆ ಎಂದರು. ಚಾಮರಾಜಪೇಟೆಯಲ್ಲಿ ಇನ್ನೊಂದು ಮನೆ ಸಿಕ್ಕಿತು. ಶ್ರಾವಣ ಹುಟ್ಟಿದ ಕೂಡಲೇ ಹೋಗುವುದೆಂದು ಮಾತಾಯಿತು, ಏಕೆಂದರೆ ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಬದಲಾಯಿಸಬಾರದು ಸರಿ, ಸಾಮಾನು ಕಟ್ಟಬಾರದು ಎಂದು ಯಾವ ಪಂಚಾಂಗದಲ್ಲಿ ಬರೆದಿದೆ? ಸೆರಗು ಸಿಕ್ಕಿಸಿ ಶುರು ಮಾಡಿದೆ. ಬೇಸಿಗೆಯಲ್ಲಿ ಸಂಡಿಗೆ ಇಡುವ ಪ್ಲಾಸ್ಟಿಕ್ ಹಾಳೆಗಳು, ಸಂಕ್ರಾಂತಿಗೆ ಸಕ್ಕರೆ ಎರೆಯುವ ಮರದ ಅಚ್ಚುಗಳು, ದೀಪಾವಳಿಯ ಹಣತೆ, ಸ್ವೆಟರುಗಳು ಎಲ್ಲವೂ ಒಂದೊಂದಾಗಿ ಡಬ್ಬ ಸೇರಿದವು. ಅದೇ ವಾರ ಆಷಾಢದ ಗಾಳಿ ಬೀಸಿ ಯಜಮಾನರು ಸೀನತೊಡಗಿ ಸ್ವೆಟರು ಕೇಳಿದರು. ಶಾಲು ಕೊಟ್ಟೆ. ಕಟ್ಟಿದ್ದನ್ನು ಬಿಚ್ಚುವ ಅಭ್ಯಾಸ ನನಗಿಲ್ಲ.

ಅಟ್ಟದ ಮೇಲಿದ್ದ ದಸರಾ ಗೊಂಬೆಯ ಟ್ರಂಕನ್ನು ಇಳಿಸಿದಾಗ ಮಾತ್ರ ಅತ್ತೆ ಬಾಯಿ ತೆರೆದರು. ಅತ್ತೆಗೆ ಎಂಬತ್ತು ದಾಟಿದೆ, ಮಂಡಿ ಬಗ್ಗುವುದಿಲ್ಲ. ಹಜಾರದ ಕುರ್ಚಿಯಲ್ಲಿ ಕೂತೇ ಇಡೀ ಮನೆಯನ್ನು ನೋಡಿಕೊಳ್ಳುತ್ತಾರೆ.

"ಗೊಂಬೆ ಟ್ರಂಕು ಇಲ್ಲೇ ಇರ್ಲಿ ಕಣೇ," ಎಂದರು.

"ದಸರಾಗೆ ಇನ್ನೂ ಎಷ್ಟೊಂದು ದಿನ ಇದೆ ಅತ್ತೆ. ಅಷ್ಟೊತ್ತಿಗೆ ಹೊಸ ಮನೇಲಿರ್ತೀವಿ. ಲಾರಿಯವರ ಕೈಗೆ ಕೊಟ್ರೆ ಮಣ್ಣಿನ ಗೊಂಬೆ ಒಂದೂ ಉಳಿಯಲ್ಲ. ಅಕ್ಕನ ಮನೇಲಿ ಇಟ್ಟಿರೋಣ, ಆಮೇಲೆ ನಾನೇ ಹೋಗಿ ತರ್ತೀನಿ."

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದು ಗೋಡೆಗೆ ಹೇಳಿದರು. ನಾನು ನಕ್ಕುಬಿಟ್ಟೆ. ಮರುದಿನ ಟ್ರಂಕು ಮಲ್ಲೇಶ್ವರದ ನನ್ನ ಅಕ್ಕನ ಮನೆಗೆ ಹೋಯಿತು.

ಶ್ರಾವಣ ಬಂತು, ಮನೆ ಬರಲಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಬಚ್ಚಲಿನ ನೀರು ಕೆಳಗಿನವರ ಅಡುಗೆಮನೆಗೆ ಸೋರಿ, ನೆಲ ಅಗೆದು ಹಾಕಿದ್ದರು. ಅಲ್ಲಿನ ಮಾಲೀಕರು ಪ್ರತಿ ಸೋಮವಾರವೂ ಮುಂದಿನ ಸೋಮವಾರ ಎನ್ನುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬವನ್ನು ಡಬ್ಬಗಳ ನಡುವೆ ಮಾಡಿದೆವು. ಗೌರಿ ಹಬ್ಬಕ್ಕೆ ಬೆಳ್ಳಿ ತಟ್ಟೆ ಯಾವ ಡಬ್ಬದಲ್ಲಿದೆ ಎಂದು ನನಗೆ ಗೊತ್ತಿತ್ತು, ಆದರೆ ಅದರ ಮೇಲೆ ಇನ್ನೂ ನಾಲ್ಕಾರು ಡಬ್ಬಗಳಿದ್ದವು. ಗೌರಮ್ಮ ಸ್ಟೀಲ್ ತಟ್ಟೆಯಲ್ಲೇ ಕೂತಳು. ಬಚ್ಚಲು ಸರಿಹೋಯಿತು ಎನ್ನುವಷ್ಟರಲ್ಲಿ ಪಿತೃಪಕ್ಷ. ಆ ಹದಿನೈದು ದಿನ ಪೊರಕೆಯನ್ನೂ ಹೊಸ ಮನೆಗೆ ಒಯ್ಯುವಂತಿಲ್ಲ. ಪಿತೃಪಕ್ಷ ಮುಗಿದ ಮರುದಿನವೇ ನವರಾತ್ರಿ.

ಯಜಮಾನರು ಲಾರಿಯವರಿಗೆ ವಿಜಯದಶಮಿಯ ದಿನ ಹೇಳಿದರು. ಆ ದಿನಕ್ಕೆ ಮುಹೂರ್ತ ನೋಡಬೇಕಾಗಿಲ್ಲ, ಎಲ್ಲವೂ ಶುಭವೇ. "ಈ ಒಂದು ವರ್ಷ ಗೊಂಬೆ ಬೇಡ ಬಿಡಮ್ಮಾ," ಎಂದು ಅತ್ತೆಗೂ ಹೇಳಿಬಿಟ್ಟರು. "ದಶಮಿ ಬೆಳಗ್ಗೇನೇ ಲಾರಿ ಬರುತ್ತೆ. ಮುಂದಿನ ವರ್ಷ ಜೋರಾಗಿ ಮಾಡೋಣ."

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆ.

"ನಮ್ಮಲ್ಲಿ ಸಾವಾದ ವರ್ಷ ಮಾತ್ರ ಗೊಂಬೆ ಕೂರಿಸಲ್ಲ," ಎಂದರು. "ನಿಮ್ಮಪ್ಪ ತೀರ್ಕೊಂಡ ವರ್ಷ ಕೂರಿಸ್ಲಿಲ್ಲ. ಈ ವರ್ಷ ಯಾರು ಹೋಗಿದಾರೋ?"

ಯಜಮಾನರು ಪೇಪರು ಮಡಚಿ ಎದ್ದು ಹೋದರು. ಆ ಟ್ರಂಕಿನಲ್ಲಿ ಮಣ್ಣಿನ ಗೊಂಬೆಗಳ ಜೊತೆ ಅತ್ತೆ ಮದುವೆಯಲ್ಲಿ ತವರಿಂದ ತಂದ ಪಟ್ಟದ ಗೊಂಬೆಗಳೂ ಇದ್ದವು, ಮರದ ರಾಜ, ಮರದ ರಾಣಿ. ನನ್ನ ತವರಿನಲ್ಲಿ ಗೊಂಬೆ ಕೂರಿಸುವ ಪದ್ಧತಿಯೇ ಇಲ್ಲ. ಮಂಡ್ಯದ ಕಡೆಯ ಹೊಲಗದ್ದೆಯವರು ನಾವು, ದಸರಾ ಎಂದರೆ ನೇಗಿಲಿಗೆ ಪೂಜೆ, ಅಷ್ಟೇ. ಅದಕ್ಕೇ ಇರಬೇಕು, ಆ ಟ್ರಂಕು ನನಗೆ ಇನ್ನೊಂದು ಸಾಮಾನಾಗಿ ಕಂಡಿದ್ದು. ಆದರೆ ಕೈಚೆಲ್ಲಿ ಕೂರುವವಳು ನಾನಲ್ಲ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮಲ್ಲೇಶ್ವರಕ್ಕೆ ಹೋಗಿ, ಅಕ್ಕನ ಮನೆಯಲ್ಲಿ ಟ್ರಂಕು ತೆರೆದು, ರಾಜ ರಾಣಿಯನ್ನು ಮಾತ್ರ ಚೀಲದಲ್ಲಿಟ್ಟುಕೊಂಡು ಬಂದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸುವಾಗ ಚೀಲವನ್ನು ಎದೆಗೊತ್ತಿಕೊಂಡಿದ್ದೆ. ಪಾಡ್ಯದ ದಿನ ಪುಸ್ತಕದ ಡಬ್ಬದ ಮೇಲೆ ಮಣೆ ಇಟ್ಟು, ನನ್ನ ರೇಷ್ಮೆ ಸೀರೆ ಹಾಸಿ ಇಬ್ಬರನ್ನೂ ಕೂರಿಸಿದೆವು. ಮೆಟ್ಟಿಲಿಲ್ಲ, ಮೆರವಣಿಗೆಯಿಲ್ಲ, ಸುತ್ತ ಬರೀ ಡಬ್ಬಗಳು. ಅತ್ತೆ ದಿನಾ ಆರತಿ ಎತ್ತಿದರು, ಆದರೂ ಮುಖ ಬಿಗಿದೇ ಇತ್ತು. ಕಾರಣ ನನಗೆ ಗೊತ್ತಿತ್ತು. ಕೂತ ಗೊಂಬೆಯನ್ನು ದಶಮಿಯ ಸಂಜೆ ಮಲಗಿಸುವ ತನಕ ಕದಲಿಸುವಂತಿಲ್ಲ. ಲಾರಿ ಬರುವುದು ಅದೇ ಬೆಳಗ್ಗೆ.

ಆಯುಧಪೂಜೆಯ ಸಂಜೆ ಕೊನೆಗೂ ಕೇಳಿದರು: "ನಾಳೆ ಇವ್ರನ್ನ ಏನು ಮಾಡ್ತೀಯ? ಪೇಪರಲ್ಲಿ ಸುತ್ತಿ ಡಬ್ಬಕ್ಕೆ ಹಾಕ್ತೀಯಾ?"

"ಅತ್ತೆ, ವಿಜಯದಶಮಿ ದಿನ ಮೈಸೂರಲ್ಲಿ ಏನು ಮಾಡ್ತಾರೆ? ಅರಮನೇಲೇ ಕೂತಿರ್ತಾರಾ? ಸವಾರಿ ಹೊರಡಲ್ವಾ? ನಮ್ಮ ರಾಜನೂ ಹೊರಡ್ಲಿ. ಮಲಗಿಸೋದು ಬೇಡ, ಸುತ್ತೋದು ಬೇಡ. ನಿಮ್ಮ ತೊಡೆ ಮೇಲೆ ಕೂತೇ ಬರ್ತಾರೆ."

ಅತ್ತೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಬಾಯಿ ತುಂಬ ನಕ್ಕರು. ಆ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಬೆಳಗ್ಗೆ ಲಾರಿ ಹೊರಟ ಮೇಲೆ ಸಿಕ್ಕ ಆಟೋ ನಾನು ಹೇಳಿ ಮಾಡಿಸಿದಂತಿತ್ತು. ಹಿಂದಿನ ದಿನದ ಪೂಜೆಯ ಬಾಳೆಕಂದು ಎರಡೂ ಕಡೆ ಕಟ್ಟಿದ್ದು ಹಾಗೇ ಇತ್ತು, ಮುಂದೆ ಚೆಂಡುಹೂವಿನ ಹಾರ. ಅತ್ತೆ ಬಲಗೈಯಲ್ಲಿ ರಾಜನನ್ನೂ ಎಡಗೈಯಲ್ಲಿ ರಾಣಿಯನ್ನೂ ನೆಟ್ಟಗೆ ಹಿಡಿದು ಕೂತರು. ರಸ್ತೆಯ ತುಂಬ ಕುಂಕುಮ ಮೆತ್ತಿದ ಬೂದುಗುಂಬಳದ ಚೂರುಗಳು. ಡ್ರೈವರು ಅವನ್ನು ತಪ್ಪಿಸುತ್ತ, "ಅಜ್ಜಿ, ಹಂಪ್ ಬರ್ತಿದೆ, ರಾಜನ್ನ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ಕೂಗುತ್ತಿದ್ದ. "ನೀನು ನಿಧಾನಕ್ಕೆ ಹೋಗಪ್ಪ, ರಾಜಂಗೇನೂ ಅವಸರ ಇಲ್ಲ," ಎಂದು ಅತ್ತೆ ಗದರಿದರು. ಸಿಗ್ನಲ್ಲಿನಲ್ಲಿ ಬೈಕಿನವರೊಬ್ಬರು ಗೊಂಬೆಗೆ ಕೈಮುಗಿದರು. ಅತ್ತೆ ತಾವೇ ಮಹಾರಾಣಿಯಂತೆ ತಲೆದೂಗಿದರು. ನಾನು ಸೆರಗು ಬಾಯಿಗಿಟ್ಟು ನಗು ತಡೆದುಕೊಂಡೆ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿ, ಗೊಂಬೆಗಳನ್ನು ಮಣೆಯ ಮೇಲೆ ಕೂರಿಸಿದೆವು. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಇಬ್ಬರನ್ನೂ ಕ್ರಮವಾಗಿ ಮಲಗಿಸಿದರು. ನಾನು ಅತ್ತೆಯನ್ನು ಹಿಡಿದು ಕುರ್ಚಿಗೆ ಕೂರಿಸುವಾಗ ಅವರು ನನ್ನ ಕೈ ಬಿಡಲಿಲ್ಲ.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡ. ಸ್ವೆಟರ್ ಕಟ್ಟಿದೆ, ಸಂಡಿಗೆ ಹಾಳೆ ಕಟ್ಟಿದೆ, ನಂಗೇನೂ ಅನ್ನಿಸ್ಲಿಲ್ಲ. ಗೊಂಬೆ ಟ್ರಂಕು ಬಾಗಿಲು ದಾಟಿದಾಗ ಮಾತ್ರ, ದಸರಾ ಹೊತ್ತಿಗೆ ಈ ಮುದುಕಿ ಇರಲ್ಲ ಅಂತ ಇವ್ಳು ತೀರ್ಮಾನ ಮಾಡ್ಬಿಟ್ಲು ಅನ್ನಿಸ್ತು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರಲ್ಲ ಎಂದು ಸಿಟ್ಟು.

"ಇರಲ್ಲ ಅಂದ್ಕೊಂಡಿದ್ರೆ ಅಷ್ಟು ಜೋಪಾನವಾಗಿ ಯಾಕೆ ಕಟ್ತಿದ್ದೆ ಅತ್ತೆ?" ಎಂದೆ. ಬಾಯಿಮಾತು ಸಾಲದು ಎಂದು ನನಗೇ ಅನ್ನಿಸಿತು.

ಮರುದಿನ ಅಡುಗೆಮನೆಯ ಡಬ್ಬಗಳನ್ನೂ ಬಿಚ್ಚದೆ ಚಿಕ್ಕಪೇಟೆಗೆ ಹೋದೆ. ರಾಣಿಯ ಅಳತೆಗೆ ಜರಿಯಂಚಿನ ಹಸಿರು ರೇಷ್ಮೆಯ ತುಂಡೊಂದನ್ನು ತಂದು ಅತ್ತೆಯ ಮಡಿಲಲ್ಲಿಟ್ಟೆ.

"ದಸರಾ ಮುಗೀತಲ್ಲೇ, ಇದ್ಯಾಕೆ ಈಗ?"

"ಮುಂದಿನ ವರ್ಷದ್ದು. ಹೊಲಿಯೋದು ನೀವೇ. ನಂಗೆ ಬರಲ್ಲ."

ಅತ್ತೆ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು.

"ಹಾಗಾದ್ರೆ ಸೂಜಿ ದಾರ ಕೊಡು," ಎಂದರು. "ಈಗ್ಲೇ ಶುರು ಮಾಡೋದು ಒಳ್ಳೇದು."